ನಳಿಗೆಯ ಮೇಲಿನ ೨೨

ಪೊಲೀಸರು ನನ್ನ ಗಂಡನ ಪಿಸ್ತೂಲನ್ನು ತಿರಸ್ಕರಿಸಲಿಲ್ಲ. ತಿರಸ್ಕರಿಸಿದವಳು ನಾನು. ನನ್ನ ಮಾತನ್ನು ಪೊಲೀಸರ ಮಾತೆಂದು ಹೇಳಿದೆ — ಗಂಡ ನಂಬಿದರು.

ಇದನ್ನು ಮೊದಲೇ ಬರೆದುಬಿಟ್ಟೆ. ಕಾನ್ವೆಂಟಿನಲ್ಲಿ ಕಲಿತವಳು ನಾನು. ಚೆಂದದ ವಾಕ್ಯಗಳ ಹಿಂದೆ ಅಡಗಿ ಕೂರುವುದು ನನಗೆ ಚೆನ್ನಾಗಿ ಬರುತ್ತದೆ.

ಪೊನ್ನಪ್ಪ ಕೊಡಗಿನವರು, ನಾನು ಬೆಂಗಳೂರು ಕಂಟೋನ್ಮೆಂಟಿನವಳು. ಪ್ರೀತಿಸಿಯೇ ಮದುವೆಯಾದೆವು. ಪ್ರೀತಿಸಿದವರನ್ನು ಕೀಳಾಗಿ ಕಾಣಲು ಸಾಧ್ಯವೇ ಎಂದು ಕೇಳಬೇಡಿ — ಬಹಳ ಸುಲಭ. ಅವರ ಕಡೆ ಕೈಲ್ ಮುಹೂರ್ತವೆಂಬ ಹಬ್ಬ, ಸೆಪ್ಟೆಂಬರಿನಲ್ಲಿ. ಅಂದು ಮನೆಯ ಕೋವಿಯನ್ನು ದೀಪದ ಮುಂದಿಟ್ಟು ಹೂ ಮುಡಿಸುತ್ತಾರೆ. ಹೊಸ ಸೊಸೆಯಾಗಿ ಅದನ್ನು ನೋಡಿದ ದಿನ ತಂಗಿಗೆ ಬರೆದಿದ್ದೆ: "ಲೈಕ್ ಸ್ಯಾವೇಜಸ್, ಮೈ ಡಿಯರ್." ಆ ವಾಕ್ಯದ ಬಗ್ಗೆ ಬಹಳ ಕಾಲ ನನಗೆ ಹೆಮ್ಮೆಯಿತ್ತು.

ಎಂಬತ್ತರ ದಶಕದ ಕೊನೆಗೆ ನಾವು ಸಿಡ್ನಿಯಲ್ಲಿದ್ದೆವು, ಬ್ಲ್ಯಾಕ್‌ಟೌನ್ ಕಡೆ. ಅವರು ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ದೊಡ್ಡ ಗಂಟಲು; ತಮ್ಮ ಜೋಕಿಗೆ ತಾವೇ ಮೊದಲು ನಗುವ ಮನುಷ್ಯ. ಶನಿವಾರ ಬಂದರೆ ಪಿಸ್ತೂಲ್ ಕ್ಲಬ್ಬು. ಯಂತ್ರಗಳ ಸದ್ದು, ಗುಂಡಿನ ಸದ್ದು ಎರಡೂ ಸೇರಿ ಕಿವಿ ಅರ್ಧ ಹೋಗಿತ್ತು. ಎದುರಿಗಿದ್ದರೆ ಮಾತು ತಿಳಿಯುತ್ತಿತ್ತು, ಫೋನಿನಲ್ಲಿ ಏನೂ ಇಲ್ಲ. ಹಾಗಾಗಿ ಮನೆಯ ಫೋನು ನನ್ನದು. ಫಾರಂ ತುಂಬುವುದೂ ನನ್ನದು. "ನಿನ್ನ ಕೈಬರಹ ನೋಡಿದ್ರೆ ಆಫೀಸ್ನೋರು ಎದ್ದು ನಿಲ್ಬೇಕು" ಅನ್ನುತ್ತಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅವರಿಗೆ ತಮ್ಮ ಕೈಯಿಂದಲೇ ಒಂದು ಪಿಸ್ತೂಲು ಮಾಡುವ ಆಸೆ. ಒಂದೊಂದೇ ಗುಂಡು ತುಂಬಿ ಗುರಿಗೆ ಹೊಡೆಯುವಂಥದ್ದು. ಅಲ್ಲಿ ಪಿಸ್ತೂಲೆಂದರೆ ನಿರ್ಬಂಧಿತ ಆಯುಧ, ಮನಸ್ಸಿಗೆ ಬಂದಂತೆ ಮಾಡುವ ಹಾಗಿಲ್ಲ. ಅನುಮತಿ ಪಡೆದರು. ಬಿಡಿಭಾಗಗಳ ಕೆಲಸ ನಮ್ಮ ಗ್ಯಾರೇಜಿನಲ್ಲಿ. ಜೋಡಿಸುವುದು, ಬೀಗ ಹಾಕಿ ಇಡುವುದು ಲೆಸ್ ಎಂಬ ಲೈಸೆನ್ಸ್ ಇದ್ದ ಗನ್‌ಸ್ಮಿತ್‌ನ, ಅಂದರೆ ಬಂದೂಕು ಕೆಲಸದವನ, ಅಂಗಡಿಯಲ್ಲಿ. ವರ್ಷಗಟ್ಟಲೆ ಮಾಡಿದರು. ಅಂಗಿಗಳೆಲ್ಲ ಎಣ್ಣೆಯ ವಾಸನೆ. ಫ್ರ್ಯಾಂಕ್ಲಿ, ನನಗೆ ಹೇಸಿಗೆಯಾಗುತ್ತಿತ್ತು.

ಕನ್ನಡ ಸಂಘದ ಪಾಟ್‌ಲಕ್ ಊಟಗಳಲ್ಲಿ ಡಾಕ್ಟರುಗಳ ಹೆಂಡತಿಯರದೇ ಒಂದು ಗುಂಪು.

"ವತ್ಸಲಾ, ನಿಮ್ಮ ಯಜಮಾನ್ರು ಇನ್ನೂ ಷಿಕಾರಿಗೆ ರೆಡಿ ಆಗ್ತಾನೇ ಇದಾರಾ?" ಎಂದೊಬ್ಬಳು.

"ನಮ್ಮೋರು ಗಾಲ್ಫಪ್ಪಾ. ಹೊಡೆದ್ರೂ ಯಾರೂ ಸಾಯಲ್ಲ" ಎಂದು ಇನ್ನೊಬ್ಬಳು.

ಅವರ ಜೊತೆ ನಾನೂ ನಗುತ್ತಿದ್ದೆ. ಗಂಡನ ಸಂಬಳವನ್ನು ಕುತ್ತಿಗೆಗೆ ಹಾಕಿಕೊಂಡು ಬರುವ ಹೆಂಗಸರು, ಪೊಳ್ಳು ತಲೆಗಳು — ಆದರೆ ಅವರು ನನ್ನನ್ನು ತಮ್ಮವಳೆಂದು ಎಣಿಸಲಿ ಎಂದು ಎಷ್ಟು ಹಲ್ಲು ಕಿರಿದೆ ನಾನು.

ಕೊನೆಗೂ ಪಿಸ್ತೂಲು ಮುಗಿಯಿತು. ರಿಜಿಸ್ಟರ್ ಮಾಡಲು ನಳಿಗೆಯ ಮೇಲೆ ಕ್ಯಾಲಿಬರ್, ಅಂದರೆ ಗುಂಡಿನ ಅಳತೆ, ಕೆತ್ತಿರಬೇಕು. ಇದರದು ಪಾಯಿಂಟ್ ಟೂ ಟೂ. ಅದನ್ನು ಅವರು ಕನ್ನಡದ ಅಂಕಿಗಳಲ್ಲಿ ಕೆತ್ತಿದ್ದರು — .೨೨ ಎಂದು. ಲೆಸ್‌ನ ಅಂಗಡಿಗೆ ಕರೆದುಕೊಂಡು ಹೋಗಿ ತೋರಿಸಿದರು.

"ಇದನ್ನ ಅವರಲ್ಲಿ ಯಾರು ಓದ್ತಾರೆ ರೀ?"

"ಫಾರಂನಲ್ಲಿ ನೀನು ಇಂಗ್ಲಿಷಲ್ಲಿ ಬರ್ದಿದೀಯಲ್ಲ, ಅದನ್ನ ಓದ್ಕೊಳ್ಲಿ. ಇದು ದೀಪದ ಮುಂದೆ ಇಡೋದು. ದೀಪಕ್ಕೆ ಇಂಗ್ಲಿಷ್ ಬರಲ್ಲ."

ನಕ್ಕರು. ಲೆಸ್‌ಗೆ ಅರ್ಥವಾಗದಿದ್ದರೂ ನಕ್ಕ. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಪ್ರತಿ ಹಬ್ಬಕ್ಕೆ ನನ್ನ ತರಕಾರಿ ಹೆಚ್ಚುವ ಚಾಕುವನ್ನೇ ದೀಪದ ಮುಂದಿಟ್ಟು ಕೈಮುಗಿಯುತ್ತಿದ್ದವರು. ಈ ಸೆಪ್ಟೆಂಬರಿಗೆ ರಿಜಿಸ್ಟ್ರೇಶನ್ ಮುಗಿದು ಪಿಸ್ತೂಲು ಮನೆಗೆ ಬರುತ್ತದೆಂದು ಕಾಯುತ್ತಿದ್ದರು. ಬೇರೇನನ್ನೂ ಅವರು ಹಾಗೆ ಕಾದದ್ದನ್ನು ನಾನು ಕಂಡಿಲ್ಲ.

ಫಾರಂ ಜೊತೆ ನಳಿಗೆಯ ಫೋಟೊಗಳೂ ಪೊಲೀಸರಿಗೆ ಹೋದವು. ಫೋನು ಬಂತು. ಪೊಲೀಸ್ ಕಚೇರಿಯಿಂದ, ಇನ್ನೂ ಎಳೆಯ ದನಿಯ ಅಧಿಕಾರಿ. ನಳಿಗೆಯ ಮೇಲಿನ ಸೊಟ್ಟ ಗೆರೆಗಳು ಏನೆಂದು ಕೇಳಿದ. ಹೇಳಿದೆ — ಕನ್ನಡವೆಂದು ಹೇಳಲು ನಾಚಿ, "ಇಂಡಿಯನ್ ನ್ಯೂಮರಲ್ಸ್" ಎಂದೆ. ಪೇಪರ್‌ವರ್ಕ್ ಎಲ್ಲ ಸರಿಯಿದೆ, ಪಕ್ಕದಲ್ಲಿ ಇಂಗ್ಲಿಷ್ ಅಂಕಿಯಲ್ಲೂ ಕ್ಯಾಲಿಬರ್ ಒತ್ತಿಸಿ ತರಲಿ, ಅಷ್ಟು ಸಾಕು, ನೋ ವರೀಸ್ ಎಂದ. ಇನ್ನೂ ಒಂದು ಮಾತು ಹೇಳಿದ — ಅದನ್ನು ಈಗಲೇ ಬರೆಯಲಾರೆ.

ಫೋನಿಟ್ಟೆ. ಪೊನ್ನಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ತುಟಿಗಳನ್ನೇ ನೋಡುತ್ತಿದ್ದರು.

"ಆಗಲ್ಲವಂತೆ" ಎಂದೆ. "ಗುರುತು ಸರಿ ಇಲ್ಲವಂತೆ. ಸರೆಂಡರ್ ಮಾಡ್ಬೇಕಂತೆ."

"ಅಂಕಿ ಕಾರಣಾನಾ?"

ಇಲ್ಲಿಯಾದರೂ ನಾನು — ಬೇರೆ ಏನಾದರೂ ಹೇಳಬಹುದಿತ್ತು. ಕಾನೂನು ಬದಲಾಯಿತು ಅನ್ನಬಹುದಿತ್ತು. ಸುಳ್ಳಿಗೂ ಒಂದು ಮರ್ಯಾದೆ ಇರುತ್ತದೆ. "ಹೌದು" ಎಂದೆ.

"ನಂದೇ ತಪ್ಪು ಬಿಡು. ದೊಡ್ಡಸ್ತಿಕೆ ತೋರಿಸೋಕೆ ಹೋದೆ" ಅಂದರು.

ಲೆಸ್ ನಂಬದೆ ನಮ್ಮ ಮನೆಗೆ ಫೋನು ಮಾಡಿದ. ಅದನ್ನೂ ನಾನೇ ತೆಗೆದುಕೊಂಡೆ. ನನ್ನ ಗಂಡನೇ ಮನಸ್ಸು ಬದಲಾಯಿಸಿದ್ದಾರೆ, ಈ ವಿಷಯ ಎತ್ತಿದರೆ ನೊಂದುಕೊಳ್ಳುತ್ತಾರೆ ಎಂದೆ. ಸಭ್ಯ ಮನುಷ್ಯ, ಎತ್ತಲಿಲ್ಲ. ಪಿಸ್ತೂಲನ್ನು ಪೊನ್ನಪ್ಪ ಕೈಯಾರೆ ಒಪ್ಪಿಸಿ ಬಂದರು. ಅದನ್ನು ತುಂಡರಿಸಿದರಂತೆ. ಆ ಸೆಪ್ಟೆಂಬರಿನಲ್ಲಿ ಅವರು ದೀಪದ ಮುಂದೆ ಏನನ್ನೂ ಇಡಲಿಲ್ಲ, ಚಾಕುವನ್ನು ಕೂಡ. ದೀಪವನ್ನೇ ಹಚ್ಚಲಿಲ್ಲ.

ಮುಂದೆ ತೊಂಬತ್ತಾರರಲ್ಲಿ, ಟಾಸ್ಮೇನಿಯಾದಲ್ಲಿ ಒಬ್ಬ ಮೂವತ್ತೈದು ಜನರನ್ನು ಗುಂಡಿಟ್ಟು ಕೊಂದ. ಹೊಸ ಕಾನೂನು ಬಂದು ದೇಶವೆಲ್ಲ ಬಂದೂಕುಗಳನ್ನು ಒಪ್ಪಿಸುತ್ತಿತ್ತು. ಆಗ ಸಂಘದ ಹೆಂಗಸರ ಕಿವಿಯಲ್ಲಿ ಮೆಲ್ಲಗೆ ಹಾಕಿದೆ — ನಾನು ಮೊದಲೇ ನಮ್ಮದನ್ನು ಕಳಿಸಿಬಿಟ್ಟೆ, ಭಯವಾಗಿತ್ತು ಎಂದು. "ಯು ವರ್ ಸೋ ಸೆನ್ಸಿಬಲ್, ವತ್ಸಲಾ" ಎಂದರು. ತಟ್ಟೆಗೆ ಇನ್ನೆರಡು ಕೋಡುಬಳೆ ಹಾಕಿಕೊಂಡು ಆ ಹೊಗಳಿಕೆಯನ್ನೂ ತಿಂದೆ.

ನನಗೆ ಭಯವಿರಲಿಲ್ಲ. ಭಯವಿದ್ದರೆ ಮುಖ ನೋಡಿ ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ಆ ಭಯಕ್ಕೆ ನಾನಿಂದು ತಲೆತಗ್ಗಿಸಬೇಕಾಗಿಯೂ ಇರಲಿಲ್ಲ. ನನಗಿದ್ದದ್ದು ತಾತ್ಸಾರ. ಅವರ ದೀಪದ ಮೇಲೆ, ಅವರ ಎಣ್ಣೆಯ ಕೈ ಮೇಲೆ, ಆ ಎರಡು ಸೊಟ್ಟ ಅಂಕಿಗಳ ಮೇಲೆ. ಇಂಥ ತಾತ್ಸಾರವನ್ನು ನಾನು ಇಡೀ ಜೀವಮಾನ ಟೇಸ್ಟ್ ಎಂದು ಕರೆದೆ.

ತೊಂಬತ್ತರ ದಶಕ ಮುಗಿಯುವ ಮೊದಲು ಮೆಲ್ಬರ್ನಿಗೆ ಬಂದೆವು. ಈಗ ಅಲ್ಲೇ ಟಾರ್ನೀಟ್‌ನಲ್ಲಿ ಮಗಳ ಮನೆಯಲ್ಲಿದ್ದೇವೆ. ಕಳೆದ ವಾರ ಮೊಮ್ಮಗಳು ಕನ್ನಡ ಕ್ಲಾಸಿನ ಹೋಮ್‌ವರ್ಕ್ ಹಿಡಿದು ಅವರ ಪಕ್ಕ ಕುಳಿತಳು. "ತಾತ, ರೈಟ್ ದ ನಂಬರ್ಸ್ ಫಾರ್ ಮೀ. ಒನ್ ಟು ಟೆನ್."

ಪೆನ್ಸಿಲ್ ತೆಗೆದುಕೊಂಡವರು ಹಾಗೆಯೇ ಕೆಳಗಿಟ್ಟರು. "ಅಕ್ಷರ ಬೇಕಾದ್ರೆ ಹೇಳಿಕೊಡ್ತೀನಿ ಮಗಳೇ. ನಮ್ಮ ಅಂಕಿ ಬೇಡ. ಇಲ್ಲಿ ನಡೆಯಲ್ಲ. ನಾನೊಂದ್ಸಲ ಹಾಕಿ ಕೆಟ್ಟೆ."

"ಬಟ್ ವೈ, ತಾತ?"

ಅವರು ಹೋಮ್‌ವರ್ಕ್ ಪುಟವನ್ನು ಅವಳ ಕಡೆಗೆ ಸರಿಸಿದರು. ನಾನು ಅಲ್ಲೇ ಹುರುಳಿಕಾಯಿ ನಾರು ಬಿಡಿಸುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ನಾನು ತುಂಡು ಮಾಡಿಸಿದ್ದು ಒಂದು ಪಿಸ್ತೂಲನ್ನು ಮಾತ್ರ ಎಂದು ಅಷ್ಟು ವರ್ಷ ತಿಳಿದಿದ್ದೆ —

ಇದನ್ನು ಪತ್ರಿಕೆಗೆ ಕಳಿಸುವ ಮೊದಲು ಅವರ ಕೈಗೆ ಕೊಡುತ್ತೇನೆ. ಕ್ಷಮೆ ಕೇಳುವ ಸಾಲನ್ನು ಬರೆದು ಹೊಡೆದುಹಾಕಿದೆ. ಅದು ಓದಲು ತುಂಬ ಚೆನ್ನಾಗಿತ್ತು. ಅದರ ಬದಲು, ಆ ಹುಡುಗ ಅಧಿಕಾರಿ ಫೋನಿಡುವ ಮುನ್ನ ಹೇಳಿದ್ದನ್ನು ತಲುಪಿಸುತ್ತೇನೆ. ಅದು ಅವರದು, ನಾನು ಬಚ್ಚಿಟ್ಟುಕೊಂಡದ್ದು.

"ನಿಮ್ಮ ಯಜಮಾನರಿಗೆ ಹೇಳಿ ಮೇಡಂ, ಇಂಗ್ಲಿಷ್ ಅಂಕಿ ಪಕ್ಕದಲ್ಲಿ ಬರಲಿ. ಆದರೆ ಅವರು ಕೆತ್ತಿದ್ದನ್ನು ಮಾತ್ರ ಅಳಿಸೋದು ಬೇಡ. ಬಹಳ ಚೆನ್ನಾಗಿದೆ."