ಹೊಳೆಬದಿಯ ಸೊನ್ನೆಗಳು

ನೆಲ್ಯಹುದಿಕೇರಿಯ ಶಾಮಣ್ಣ ಮೇಷ್ಟ್ರ ಮಗಳು ಗಾನವಿ ಸಂಖ್ಯಾಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ ಎಂದರೆ ಊರವರು ಏನೋ ಜನಗಣತಿಯ ಕೆಲಸ ಎಂದುಕೊಂಡಿದ್ದರು. ಅವಳ ಲೆಕ್ಕವೆಲ್ಲ ಆನೆಗಳದ್ದು. ಆನೆ ಕಂಡ ಜಾಗದಿಂದಲೇ ತೋಟದ ಕಾವಲುಗಾರರು ಮಾಡಿದ ಮೂರು ವರ್ಷದ ಫೋನ್ ಕರೆಗಳನ್ನು ಕಂಪ್ಯೂಟರಿಗೆ ಕಲಿಸಿ, ಆನೆ ಎಲ್ಲಿ ಬಂದೀತೆಂದು ಅದರಿಂದ ಮುಂಚೆಯೇ ಹೇಳಿಸುತ್ತಿದ್ದಳು. ನೂರಕ್ಕೆ ತೊಂಬತ್ತಾರು ಸಲ ಸರಿ. ಗೈಡ್ ಶ್ರೀರಾಮ್ ಸರ್ ಖುಷಿಯಾಗಿದ್ದರು, ಜೂನಿನಲ್ಲಿ ಪ್ರಬಂಧ ಸಲ್ಲಿಸುವುದೊಂದೇ ಬಾಕಿ. ಪಕ್ಕದ ಎಸ್ಟೇಟಿನಲ್ಲಿ ಕೂಲಿಯ ಲೆಕ್ಕ ನೋಡುವ ರೈಟರ್ ಮೊಣ್ಣಪ್ಪನಂತೂ ಕಾಫಿ ಪಿಕ್ಕಿಂಗ್ ಶುರುವಾದಾಗಿನಿಂದ ಬೆಳಿಗ್ಗೆ ತೋಟದ ಯಾವ ಬ್ಲಾಕ್ ಸುರಕ್ಷಿತ ಎಂಬ ಅವಳ ಮೆಸೇಜ್ ನೋಡಿಯೇ ಆಳುಗಳನ್ನು ಕಳಿಸುತ್ತಿದ್ದ.

ಜನವರಿಯ ಒಂದು ಬೆಳಿಗ್ಗೆ ಆ ಕರೆಗಳ ಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದವಳು ಒಂದು ಸಾಲಿಗೆ ಬಂದು ನಿಂತಳು. ಹೊಳೆಬದಿಯ ಬ್ಲಾಕಿನ ಎದುರು ಮೂರು ವರ್ಷವೂ ಬರೀ ಸೊನ್ನೆ. ಆನೆ ನೀರು ಕುಡಿಯಲು ಇಳಿಯುವುದೇ ಅಲ್ಲಿ. ಆದರೆ ಅಲ್ಲಿ ನೆಟ್‌ವರ್ಕ್ ಇಲ್ಲ. ಕರೆ ಬಾರದ್ದನ್ನು ಆನೆಯೇ ಬಾರದ್ದೆಂದು ಯಂತ್ರ ಕಲಿತುಬಿಟ್ಟಿತ್ತು. ಅದನ್ನು ಪರೀಕ್ಷಿಸಲು ಅವಳು ಬಳಸಿದ್ದೂ ಅದೇ ಸೊನ್ನೆಗಳನ್ನು, ತೊಂಬತ್ತಾರು ಬಾರದೆ ಇನ್ನೇನು ಬಂದೀತು? ಅವತ್ತಿನ ಮೆಸೇಜಿನಲ್ಲಿ ಎಲ್ಲಕ್ಕಿಂತ ಸುರಕ್ಷಿತ ಎಂದಿದ್ದದ್ದು ಆ ಬ್ಲಾಕೇ.

ಮೊಣ್ಣಪ್ಪನಿಗೆ ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಸ್ಕೂಟರ್ ಹತ್ತಿ ಹೊರಟಳು. ಅಷ್ಟರಲ್ಲಿ ಯಾರಿಗಾದರೂ ಏನಾದರೂ ಆಗಿಹೋಗಿದ್ದರೆ ಯಾರ ಮುಖ ನೋಡುವುದು ಎಂಬುದೊಂದೇ ದಾರಿಯುದ್ದಕ್ಕೂ ತಲೆಯಲ್ಲಿ.

ಹೊಳೆಬದಿಯಲ್ಲಿ ಹದಿನೆಂಟು ಹೆಂಗಸರು ಹರಟುತ್ತಾ ಕಾಫಿಹಣ್ಣು ಕೊಯ್ಯುತ್ತಿದ್ದರು. ಗಿಡಗಳ ನಡುವೆ ಆನೆ ಲದ್ದಿ ಇನ್ನೂ ಹಸಿಯಾಗಿತ್ತು. ಹೋದ ವರ್ಷದವರೆಗೂ ಪಟಾಕಿ ಹಿಡಿದು ಇಲ್ಲೇ ಕಾವಲು ನಿಲ್ಲುತ್ತಿದ್ದ ನಂಜಪ್ಪ ಎಲ್ಲಿ ಎಂದು ಕೇಳಿದಳು.

"ಅವನನ್ನ ಮೇಲಿನ ಬ್ಲಾಕಿಗೆ ಕಳಿಸಿದೆ," ಎಂದ ಮೊಣ್ಣಪ್ಪ. "ಇಲ್ಲಿ ಆನೆ ಇಲ್ಲ ಅಂತ ನೀನೇ ಹಾಕಿದ್ದಲ್ವಾ?"

ಎಲ್ಲರನ್ನೂ ರಸ್ತೆಗೆ ಹತ್ತಿಸುವವರೆಗೆ ಅವಳಿಗೆ ಜೀವದಲ್ಲಿ ಜೀವವಿರಲಿಲ್ಲ.

ಮಧ್ಯಾಹ್ನ ಶ್ರೀರಾಮ್ ಸರ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಈ ಪ್ರಬಂಧ ಬೇಡ, ಎಐ ಸುರಕ್ಷತೆಯ ಸಂಶೋಧನೆಗೆ ಹೋಗುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಯಂತ್ರಕ್ಕೆ ಕಲಿಸುವುದು ಹೇಗೆಂದು ನೋಡುತ್ತೇನೆ ಎಂದಳು. ಸರ್ ಸಿಟ್ಟಾಗಲಿಲ್ಲ. ಮೂರು ವರ್ಷದ ದುಡಿಮೆ ಮಣ್ಣುಪಾಲಾಗುತ್ತದೆ, ಹೊಸ ವಿಷಯಕ್ಕೆ ಗೈಡ್ ಸಿಗುವುದೂ ಅನುಮಾನ, ಇದರ ಮಿತಿಗಳೇನೆಂದು ಕೊನೆಯಲ್ಲಿ ಒಂದು ಪ್ಯಾರಾ ಸೇರಿಸಿದರೆ ಸಾಕು ಎಂದು ಸಮಾಧಾನವಾಗಿಯೇ ಬುದ್ಧಿ ಹೇಳಿದರು. ಅದರಲ್ಲಿ ಒಂದು ಮಾತೂ ಸುಳ್ಳಲ್ಲವೆಂದು ಗಾನವಿಗೆ ಗೊತ್ತಿತ್ತು, ಹೆದರಿಕೆಯೂ ಆಯಿತು.

"ಆ ಪ್ಯಾರಾನ ಮೊಣ್ಣಪ್ಪಣ್ಣ ಓದಲ್ಲ ಸರ್," ಎಂದಳು.