ಅಟ್ಟದ ಕೆಳಗಿನ ಕಾರು

ನಮ್ಮ ಯಜಮಾನರು ಕೀ ತಿರುಗಿಸಿದರು. ಟಿಕ್. ಮತ್ತೆ ತಿರುಗಿಸಿದರು. ಟಿಕ್ ಟಿಕ್. ಅಷ್ಟೇ!

ಹಿಂದಿನ ಸೀಟಿನಲ್ಲಿ ನಮ್ಮತ್ತೆ ತಲೆಗೆ ಸ್ನಾನ ಮಾಡಿ, ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಅವತ್ತು ಅವರ ಕಣ್ಣಿನ ಪೊರೆ ಆಪರೇಷನ್. ಬೆಳಗ್ಗೆಯೇ ತಿಪಟೂರಿನ ಆಸ್ಪತ್ರೆಯಲ್ಲಿರಬೇಕು. ನಮ್ಮ ಕಂದಿಕೆರೆಯಿಂದ ಬಸ್ಸು ಹಿಡಿದು, ಇನ್ನೊಂದು ಬಸ್ಸು ಹತ್ತಿ ಹೋಗುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು. ಮುಂದಿನ ತಿಂಗಳು ಬನ್ನಿ ಎಂದರು ನರ್ಸಮ್ಮ.

ವಾಪಸ್ ಬರುವಾಗ ಅತ್ತೆ ಒಂದೇ ಮಾತು ಕೇಳಿದರು. "ಕಾರು ಹೊಸ್ದಲ್ವೇನವ್ವಾ?"

ಹೊಸದೇ. ಅದೇ ತಾನೇ ತಾಪತ್ರಯ! ಗೀರು ಬಿದ್ದೀತೆಂದು ಯಜಮಾನರು ಅದನ್ನು ಕೊಬ್ಬರಿ ಅಟ್ಟದ ಕೆಳಗೆ ನಿಲ್ಲಿಸಿ ಟಾರ್ಪಾಲು ಹೊದಿಸಿದ್ದರು. ಮದುವೆ, ಗೃಹಪ್ರವೇಶಕ್ಕೆ ಮಾತ್ರ ದರ್ಶನ. (ನನಗೂ ಲೈಸೆನ್ಸ್ ಇದೆ. ಅದಕ್ಕೂ ಟಾರ್ಪಾಲು.)

ನಮ್ಮ ಸೀಮೆಯವರ ಅಭ್ಯಾಸ ನಿಮಗೆ ಗೊತ್ತೇ ಇದೆ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಸುಮ್ಮನಿದ್ದುಬಿಡುವುದು. ಮುಟ್ಟದೆ ಬಿಟ್ಟಷ್ಟೂ ಒಳ್ಳೆಯದು, ತಾನೇ ಒಣಗಿ ಕೊಬ್ಬರಿಯಾಗುತ್ತದೆ. ಆಗೊಮ್ಮೆ ಈಗೊಮ್ಮೆ ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಸದ್ದು ಕೇಳಿದರೆ ಸಾಕು. ಇವರು ಕಾರಿಗೂ ಅದನ್ನೇ ಮಾಡುತ್ತಿದ್ದರು! ಭಾನುವಾರ ಸ್ಟಾರ್ಟ್ ಮಾಡುವುದು, ಸದ್ದು ಕೇಳುವುದು, "ಚೆನ್ನಾಗೈತೆ ಬುಡು" ಎಂದು ಆಫ್ ಮಾಡುವುದು.

ಮಾರನೆಯ ದಿನ ಚಿಕ್ಕನಾಯಕನಹಳ್ಳಿಯಿಂದ ಮೆಕ್ಯಾನಿಕ್ ಜಬ್ಬಾರಣ್ಣ ಬಂದು, ಬೇರೆ ಬ್ಯಾಟರಿಯಿಂದ ವೈರು ಕೊಟ್ಟು ಗಾಡಿ ಎಬ್ಬಿಸಿದರು.

"ಸ್ಟಾರ್ಟ್ ಮಾಡೋಕೇ ಜಾಸ್ತಿ ಕರೆಂಟ್ ತಗತದೆ ಅಣ್ಣಾ. ಅದು ವಾಪಸ್ ತುಂಬೋಕ್ ಮುಂಚೆ ಆಫ್ ಮಾಡಿದ್ರೆ ಹೆಂಗೆ? ವಾರಕ್ಕೊಂದ್ಸಲ ರೋಡಲ್ಲಿ ಚೆನ್ನಾಗಿ ಓಡ್ಸಿ. ಆಗಲ್ವಾ, ಬ್ಯಾಟರಿ ಮೈನಸ್ ವೈರ್ ಬಿಚ್ಚಿಡಿ."

ಯಜಮಾನರ ಮುಖ ಅರಳಿತು. "ವೈರೇ ಬಿಚ್ಚಿಡಾನ ಬುಡು."

"ಬಿಚ್ಚೋದು ಬ್ಯಾಡ. ನಾನು ಓಡಿಸ್ತೀನಿ" ಎಂದೆ.

"ನೀನಾ? ಸ್ಟೇರಿಂಗ್ ಮುಟ್ಟಿ ಎಷ್ಟು ಕಾಲ ಆಯ್ತು ಕಣೇ? ಎಲ್ಲಾದ್ರೂ ಗುದ್ದಿದ್ರೆ?"

"ಗುದ್ದಿದ್ರೆ ಬಂಪರ್ ಹೋಯ್ತದೆ ಕಣ್ರೀ, ಹೊಸದು ಹಾಕಿಸಬಹುದು. ನಿಮ್ಮಮ್ಮನ ಕಣ್ಣು ಹೋದ್ರೆ ಎಲ್ಲಿಂದ ತತ್ತೀರಿ?"

ಒಳಗಿಂದ ಅತ್ತೆಯ ದನಿ ಬಂತು. "ಕೀ ಕೊಡೋ ಅವಳ್ಗೆ!"

ಮೊದಲ ಭಾನುವಾರ ಗೇಟಿನಲ್ಲೇ ಎಂಜಿನ್ ಆಫ್ ಆಯಿತು. ಪಕ್ಕದ ತೋಟದವರು ಕಾಯಿ ಸುಲಿಯುವುದು ಬಿಟ್ಟು ನಿಂತು ನೋಡಿದರು. ನೋಡಲಿ, ನನಗೇನು? ತಿರುಗಿಸುವಾಗ ಕಾರಿನ ಬಾಗಿಲಿಗೆ ತೆಂಗಿನ ಮರ ಸವರಿತು. (ಯಜಮಾನರಿಗೆ ಹೇಳಲಿಲ್ಲ. ನೀವೂ ಹೇಳಬೇಡಿ.) ಆದರೂ ಬಿಡಲಿಲ್ಲ. ಮಳೆ ಬರಲಿ, ನೆಂಟರು ಬರಲಿ, ಸಾರು ಒಲೆ ಮೇಲಿರಲಿ, ಭಾನುವಾರ ಬಂತೆಂದರೆ ಚಿಕ್ಕನಾಯಕನಹಳ್ಳಿಗೆ ಹೋಗಿ ಬಂದೇ ತೀರುತ್ತಿದ್ದೆ. ಅತ್ತೆ ಮುಂದಿನ ಸೀಟಿನಲ್ಲಿ ಕೂತು, "ನಿಧಾನಕ್ಕೆ ಹೋಗವ್ವ, ಬಸ್ಸೇನು ಹಿಡೀಬೇಕಾ?" ಎನ್ನುತ್ತಿದ್ದರು.

ಆಪರೇಷನ್ ದಿನ ಒಂದೇ ಸಲಕ್ಕೆ ಸ್ಟಾರ್ಟ್! ತಿಪಟೂರಿಗೆ ಡಾಕ್ಟರಿಗಿಂತ ಮೊದಲು ನಾವೇ ತಲುಪಿದ್ದೆವು.

ಮೊನ್ನೆ ಆಸ್ಪತ್ರೆಯಲ್ಲಿ ಅತ್ತೆಯ ಕಣ್ಣಿನ ಪಟ್ಟಿ ಬಿಚ್ಚಿದರು. ಅಲ್ಲಿಂದ ಹೊರಗೆ ಬಂದವರು ಕಾರಿನ ಬಾಗಿಲ ಹತ್ತಿರ ಬಗ್ಗಿ ನೋಡಿ, ಯಜಮಾನರ ಎದುರಿಗೇ ಕೇಳಿದರು. "ಇದ್ಯಾವಾಗ ಆಯ್ತವ್ವ, ಈ ಗೀರು?"

ಗೀರು ಕಂಡಿತಲ್ಲ, ಇನ್ನೇನು ಬೇಕು ಹೇಳಿ?