ಗೋಡೆಯ ಪಟ್ಟಿಯಲ್ಲಿದ್ದ ಆರು ಗಂಟೆ

ಬೆಳಿಗ್ಗೆ ಆರು ಹಾಸಿಗೆಗಳ ಚಾದರ ಬದಲಿಸಿದೆ. ನೀರು ಕಾಯಿಸಿ ಇಬ್ಬರು ಅಜ್ಜಂದಿರ ಮೈ ಒರೆಸಿದೆ. ನಮ್ಮ ಆಯಾ ಏಳಲಾರದ ಮಾಸ್ತರರನ್ನು ಮಗ್ಗುಲಿಗೆ ಹೊರಳಿಸುವಾಗ ಅವರ ಸೊಂಟ ಹಿಡಿದುಕೊಟ್ಟೆ. ಸಕ್ಕರೆ ರೋಗದ ಗುಳಿಗೆ, ಬಿಪಿ ಗುಳಿಗೆ ಹಂಚಿದೆ. ನಾಲ್ವರ ಉಗುರು ತೆಗೆದೆ. ಐದನೆಯವರು ಶನಿವಾರ ಬೇಡವೆಂದರು. ಮಧ್ಯಾಹ್ನ ಯಾರೂ ಇಲ್ಲದಾಗ ಆಯಾಳ ಮಂಚದ ಕೆಳಗಿದ್ದ ಚೀಲ ಎಳೆದು ನೋಡಿದೆ. ಇದನ್ನೂ ಇವತ್ತಿನ ಕೆಲಸಗಳ ಜೊತೆಗೇ ಬರೆಯಬೇಕು.

ಜಮಖಂಡಿಯಲ್ಲಿ ನಾನು ನಡೆಸುತ್ತಿರುವುದು ಆರು ಹಾಸಿಗೆಯ ಸಣ್ಣ ಮನೆ. ಎತ್ತಿ ಇಳಿಸಿ ನೋಡಿಕೊಳ್ಳುವವರು ಬೇಕಾದ ಹಿರಿಯರು ಇಲ್ಲಿರುತ್ತಾರೆ. ಅವರಿಗೆ ಕೊರತೆಯಿಲ್ಲ, ಕೊರತೆ ಆಯಾಗಳದ್ದು. ಕಬ್ಬಿನ ಹಂಗಾಮು ಶುರುವಾದರೆ ಒಬ್ಬಳು ಹೋಗುತ್ತಾಳೆ, ಬನಹಟ್ಟಿಯ ಮಗ್ಗಗಳಿಗೆ ಕೆಲಸ ಹೆಚ್ಚಾದರೆ ಇನ್ನೊಬ್ಬಳು. ಈಗ ಉಳಿದಿರುವವಳು ಸಾವಳಗಿಯಿಂದ ಬಂದು ಇಲ್ಲೇ ಇರುವ ಈ ಒಬ್ಬಳೇ.

ತೇರದಾಳದ ಕಡೆಯ ಜೈನ ಅಜ್ಜಿ ನಮ್ಮಲ್ಲಿಗೆ ಬಂದದ್ದು ಬೇಸಿಗೆಯಲ್ಲಿ. ದೀಪಾವಳಿಯಾದ ಮೇಲೆ ಅವರ ತೂಕ ಇಳಿಯತೊಡಗಿತು. ರೋಗವೇನಿಲ್ಲ, ಊಟ ಸಾಲುತ್ತಿಲ್ಲ ಎಂದರು ಡಾಕ್ಟರು. ಆದರೆ ಸಂಜೆಯ ತಾಟು ದಿನವೂ ಖಾಲಿಯಾಗಿಯೇ ಅಡುಗೆಮನೆಗೆ ಬರುತ್ತಿತ್ತು. ಮೊನ್ನೆ ಮುಧೋಳದಿಂದ ಮಗಳು ಬಂದು ತಾಯಿಯ ರಟ್ಟೆ ಹಿಡಿದು ನೋಡಿದಳು.

“ನಮ್ಮವ್ವನ ಊಟ ಯಾರ ಹೊಟ್ಟಿಗೆ ಹೋಗಾಕತ್ತೈತ್ರಿ? ಆ ಆಯಾನ್ನ ಬಿಡಸ್ರಿ. ಇಲ್ಲಂದ್ರ ಐತವಾರ ಬಂದು ಅವ್ವನ್ನ ಕರ್ಕೊಂಡು ಹೊಕ್ಕೇನಿ.”

ಅಂದಿನಿಂದ ಆಯಾ ಏನು ಮಾಡಿದರೂ ನನಗೆ ಬೇರೆಯೇ ಕಾಣತೊಡಗಿತು. ತಾಟುಗಳನ್ನು ಅಷ್ಟು ಬೇಗ ಏಕೆ ತೊಳೆಯುತ್ತಾಳೆ? ನನ್ನ ಜೊತೆ ಉಣ್ಣುವಾಗ ಒಂದೇ ರೊಟ್ಟಿ ಸಾಕೆಂದು ಏಕೆ ಏಳುತ್ತಾಳೆ? ಇವತ್ತು ಆ ಚೀಲದಲ್ಲಿ ಕಂಡದ್ದು ಎರಡು ಸೀರೆ, ಒಂದು ಬಾಚಣಿಗೆ, ಗಂಟು ಹಾಕಿದ ಒಂದು ಬಟ್ಟೆ. ಗಂಟಿಗೆ ಕೈ ಹಾಕಿದಾಗ ಅವಳು ಬಾಗಿಲಲ್ಲಿ ನಿಂತಿದ್ದಳು.

“ಕತ್ತರಿ ಕೊಡ್ಲೇನ್ರಿ ಅಕ್ಕಾರ? ಗಂಟು ಬಿಗಿ ಐತಿ.”

ತಾನೇ ಬಂದು ಬಿಚ್ಚಿದಳು. ಅವಳ ತಾಯಿ ಕಟ್ಟಿಕೊಟ್ಟ ಕಡಕ ರೊಟ್ಟಿ, ಶೇಂಗಾ ಚಟ್ನಿ.

“ಎಣಿಸ್ಕೋರಿ. ಸಮೀರವಾಡಿಯೊಳಗ ಒಂದು ಖಾನಾವಳಿಗೆ ಕರ್ಯಾಕತ್ತಾರ, ನಾಳೆ ಅಲ್ಲಿಗೇ ಹೊಕ್ಕೇನಿ. ಅಲ್ಲಿ ಬರೂ ಮಂದಿ ತಮ್ಮ ಕೈಲೆ ತಾವ ಉಣ್ತಾರ.”

ನಾಚಿಕೆಯಾಯಿತು. ಆದರೂ ಸಂಶಯ ಪೂರ್ತಿ ಹೋಗಲಿಲ್ಲ. ಸಂಜೆ ಚಾದರ ಮಡಚುವ ನೆಪದಲ್ಲಿ ಅಜ್ಜಿಯರ ಕೋಣೆಯಲ್ಲಿ ಕೂತೆ. ಸರಿಯಾಗಿ ಆರಕ್ಕೆ ಆಯಾ ಇಬ್ಬರಿಗೂ ತಾಟು ಇಟ್ಟು ಮಾಸ್ತರರಿಗೆ ಉಣಿಸಲು ಆಚೆ ಕೋಣೆಗೆ ಹೋದಳು. ಚಮಚೆ ಚಮಚೆಯಾಗಿ ಉಣಿಸಿ ಮುಗಿಸಲು ಅವಳಿಗೆ ಅರ್ಧ ತಾಸು ಬೇಕು. ಜೈನ ಅಜ್ಜಿ ಕಿಟಕಿಯತ್ತ ನೋಡಿದರು. ತಾಟಿಗೆ ಬೆರಳೂ ತಾಗಿಸದೆ ಅದನ್ನೆತ್ತಿ ಪಕ್ಕದ ಮಂಚದ ಬನಹಟ್ಟಿ ಅಜ್ಜಿಗೆ ಕೊಟ್ಟರು. ಆಕೆ ತನ್ನದನ್ನು ಬೇಗ ಮುಗಿಸಿ ಕಾಯುತ್ತಿದ್ದಳು.

“ಏನ್ರೀ ಅಜ್ಜಿ ಇದು?” ಎಂದೆ.

ಬನಹಟ್ಟಿ ಅಜ್ಜಿ ಕೈ ತಡೆಯಲಿಲ್ಲ. “ನನ್ನ ಮಾರಿ ಏನ್ ನೋಡ್ತೀಬೇ? ತಿಂಗಳಾತು ಆಕಿ ಕೊಡಾಕತ್ತು. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಬರೇ ಸಪ್ಪಂದು. ಚೆಲ್ಲಬಾರದಂತ ತಿಂದೆ.”

ಜೈನ ಅಜ್ಜಿ ಮೆಲ್ಲಗೆ ಹೇಳಿದರು: “ಹೊತ್ತು ಮುಳುಗಿದ ಮ್ಯಾಲ ನಾ ಹೆಂಗ ಉಣ್ಣಲಿ ತಂಗಿ?”

“ಮೊದಲ ಹೇಳಬಾರದೇನ್ರಿ?”

“ಆ ಹುಡುಗಿ ಒಬ್ಬಾಕಿನ ಆರು ಮಂದೀನ ಎತ್ತಿ ಇಳಸ್ತಾಳ. ನನ್ನೊಬ್ಬಾಕಿ ಸಲುವಾಗಿ ಮತ್ತೊಂದು ಸಲ ಒಲಿ ಮುಂದ ನಿಲ್ಲು ಅನ್ಲೇನು?”

ಎದುರಿಗೇ ಗೋಡೆಯ ಮೇಲೆ ಊಟ, ಗುಳಿಗೆಗಳ ವೇಳೆಯ ಪಟ್ಟಿಯಿತ್ತು, ನನ್ನದೇ ಅಕ್ಷರದಲ್ಲಿ. ಬಂದ ದಿನ ಅಜ್ಜಿ ‘ಹೊತ್ತು ಮುಳುಗೂದರೊಳಗ ಊಟ’ ಅಂದಿದ್ದರು. ನನಗೆ ಎಲ್ಲವೂ ಗಡಿಯಾರದಂತೆ ನಡೆಯಬೇಕು. ‘ಸಂಜೆ ಆರು ಗಂಟೆ’ ಎಂದು ಬರೆದೆ. ಬೇಸಿಗೆಯಲ್ಲಿ ಆರಕ್ಕೆ ಇನ್ನೂ ಅಂಗಳದ ತುಂಬ ಬಿಸಿಲಿರುತ್ತಿತ್ತು. ಚಳಿಗಾಲ ಬಂದು ಹೊತ್ತು ಮುಳುಗುವುದು ಆರಕ್ಕಿಂತ ಹಿಂದೆ ಸರಿಯಿತು, ಪಟ್ಟಿ ಸರಿಯಲಿಲ್ಲ. ಐದೂವರೆಗೇ ಟ್ಯೂಬ್‌ಲೈಟ್ ಹಚ್ಚುವ ನಾನು ಹೊರಗೆ ನೋಡಿರಲೇ ಇಲ್ಲ. ಆಯಾ ನಾನು ಬರೆದದ್ದನ್ನು ನಿಮಿಷ ತಪ್ಪದೆ ಪಾಲಿಸಿದ್ದಳು.

ಮಗಳಿಗೆ ಫೋನ್ ಮಾಡಿ ತಪ್ಪು ನನ್ನದು, ಆಯಾಳದ್ದಲ್ಲ ಎಂದು ಎಲ್ಲ ಹೇಳಿದೆ.

“ತಿಂಗಳತನಕ ನಿಮಗ ಸಂಶೆ ಬರಲಿಲ್ಲೇನ್ರಿ?”

“ಬಂತ್ರಿ. ಬ್ಯಾರೆಯವರ ಮ್ಯಾಲ ಬಂತು.”

“ನಾಳೆ ಐದಕ್ಕ ಬರ್ತೇನಿ. ಅವ್ವನ ಬಾಜೂಕ ಕುಂತು ನೋಡ್ತೇನಿ, ಆಮ್ಯಾಲ ಕರ್ಕೊಂಡು ಹೋಗೂದೋ ಬಿಡೂದೋ.”

ನೋಡಲಿ. ಪಟ್ಟಿಯಲ್ಲಿ ‘ಆರು ಗಂಟೆ’ಯನ್ನು ಹೊಡೆದು ‘ಹೊತ್ತು ಮುಳುಗುವ ಮುಂಚೆ’ ಎಂದು ಬರೆದೆ. ಆಯಾ ಕೈ ಒರೆಸಿಕೊಳ್ಳುತ್ತ ಓದಿದಳು.

“ಚೀಲಕ್ಕ ಕೈ ಹಚ್ಚಬಾರದಿತ್ತವಾ, ತಪ್ಪಾತು,” ಎಂದೆ. “ನಾಳೆ ಹೊಕ್ಕೀಯೇನು?”

“ನಾಳೆ ಹೊತ್ತು ಮುಳುಗೂದರೊಳಗ ಅಜ್ಜಿಗೆ ಉಣ್ಣಾಕ ಹಾಕ್ತೇನಿ. ಮುಂದಿಂದು ಆಮ್ಯಾಲ ನೋಡೂಣ್ರಿ.”

ಜೈನ ಅಜ್ಜಿ ಇವತ್ತೂ ಉಣ್ಣಲಿಲ್ಲ, ಬೆಳಗಾಗುವುದನ್ನು ಕಾಯಬೇಕು. ನಾವಿಬ್ಬರು ಹೆಸರುಕಾಳಿನ ಪಲ್ಯ, ರೊಟ್ಟಿ, ಮಜ್ಜಿಗೆ ಉಂಡೆವು. ಕೇಳದೆಯೇ ಆಯಾ ತನ್ನ ಗಂಟಿನಿಂದ ಒಂದು ಕಡಕ ರೊಟ್ಟಿ ಮುರಿದು ನನ್ನ ತಾಟಿಗೆ ಹಾಕಿದಳು. ಮೊದಲು ನಿದ್ದೆ ಹೋದವಳೂ ಅವಳೇ. ಚೀಲ ಮಂಚದ ಕೆಳಗಿರಲಿಲ್ಲ, ಅವಳ ತಲೆಯ ಕೆಳಗಿತ್ತು.